ಘಟಪ್ರಭೆಯ ಸೀಮೆಯಲ್ಲಿ ಉಡುಗೆ-ತೊಡುಗೆಗಳ ಶೋಧ

ಗೋಕಾಕ, ಮೂಡಲಗಿ, ಹುಕ್ಕೇರಿ - ಈ ಮೂರು ಊರುಗಳಿಗೆ ನಾವು ಇದುವರೆಗೆ ಹೋದದ್ದು ಪುರಾಣ ಪ್ರವಚನಗಳಿಗೆ, ಜಾತ್ರೆಗಳಿಗೆ, ಲಗ್ನಕಾರ್ಯಗಳಿಗೆ. ಈ ವರ್ಷದ ಮಾಘಮಾಸದಲ್ಲಿ ಮಾತ್ರ ನಾವು ಅಲ್ಲಿಗೆ ಹೋದದ್ದು ಹಳೆಯ ತಂಬಿಗೆ, ಸವೆದ ಕೌದಿ, ಬಣ್ಣ ಮಾಸಿದ ಸೀರೆಗಳನ್ನು ಹುಡುಕುವುದಕ್ಕೆ. ಚಲನಚಿತ್ರ ಕಲೆಯನ್ನು ಅಭ್ಯಾಸ ಮಾಡುತ್ತಿರುವ ಐವರು ವಿದ್ಯಾರ್ಥಿಗಳು, ಮೂವರು ಹುಡುಗರು ಮತ್ತು ಇಬ್ಬರು ಹುಡುಗಿಯರು, ತಮ್ಮ ಪರೀಕ್ಷೆಯ ಅಂಗವಾಗಿ ಹದಿನೈದು ನಿಮಿಷದ ಒಂದು ಚಿತ್ರವನ್ನು ತಯಾರಿಸಬೇಕಾಗಿತ್ತು. ಐವರೂ ಇದೇ ಸೀಮೆಯ ಮಕ್ಕಳು. “ಹಳೆಯ ಮನೆತನಗಳ ನಡೆನುಡಿ ನಿಮಗೆ ಗೊತ್ತು, ನೀವು ಜೊತೆಗೆ ಬಂದರೆ ಹಿರಿಯರು ನಮಗೆ ಬಾಗಿಲು ತೆರೆದಾರು” ಎಂದು ಕೇಳಿಕೊಂಡರು. ನಾವು ಒಪ್ಪಿದೆವು.

ಅವರು ಹೆಣೆದ ಕಥೆ ಚಿಕ್ಕದು. ಹಿಡಕಲ್ ಜಲಾಶಯ ಕಟ್ಟುತ್ತಿದ್ದ ಕಾಲ. ಮುಳುಗಡೆಯ ಊರಿನಲ್ಲಿ ಒಂದು ಲಿಂಗಾಯತ ಮನೆ. ಬೆಳಗಾದರೆ ಮನೆ ಬಿಡಬೇಕು. ಬಾಗಿಲಲ್ಲಿ ಒಂದೇ ಚಕ್ಕಡಿ. ಆ ರಾತ್ರಿ ಮನೆಯ ಹಿರಿಯ ಹೆಣ್ಣುಮಗಳು ಯಾವ ಸಾಮಾನನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತಾಳೆ. ಇಷ್ಟೇ ಕಥೆ, ಮಾತು ಬಹಳ ಕಡಿಮೆ. ಹೀಗಾಗಿ ಇಲ್ಲಿ ಪಾತ್ರವಹಿಸುವವರು ಮನುಷ್ಯರಷ್ಟೇ ಅಲ್ಲ, ಕೊಡ ತಂಬಿಗೆಗಳೂ ಹೌದು. ಅವು ಸುಳ್ಳಾದರೆ ಚಿತ್ರವೇ ಸುಳ್ಳಾಗುತ್ತದೆ.

ನಟರು ಮೈಮೇಲೆ ಧರಿಸುವುದು ವೇಷಭೂಷಣ; ಅವರು ಕೈಯಲ್ಲಿ ಹಿಡಿಯುವ, ಅವರ ಸುತ್ತಮುತ್ತ ಇರುವ ಸಾಮಾನುಗಳು ಪರಿಕರ. ನಮ್ಮ ಕಂಪನಿ ನಾಟಕದವರ ಬಾಯಲ್ಲಿ ಇವಕ್ಕೆಲ್ಲ ‘ಪ್ರಾಪರ್ಟಿ’ ಎಂಬ ಹೆಸರು ಬಹುಕಾಲದಿಂದ ಉಂಟು. ವಾಚಕರು ಇದನ್ನು ಕ್ಷುಲ್ಲಕ ಸಂಗತಿಯೆಂದು ಎಣಿಸಬಾರದು. 2024ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ ಜಗತ್ತಿನ ವಿದ್ಯಾರ್ಥಿ ಚಿತ್ರಗಳ ವಿಭಾಗದ ಪ್ರಥಮ ಪ್ರಶಸ್ತಿ ದೊರೆತದ್ದು ಒಂದು ಕನ್ನಡ ಚಿತ್ರಕ್ಕೆ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುತ್ತಿದ್ದ ಮೈಸೂರಿನ ಚಿದಾನಂದ ನಾಯ್ಕರು ಮಾಡಿದ ಆ ಚಿತ್ರ ಕೇವಲ ಹದಿನಾರು ನಿಮಿಷದ್ದು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದುದರಿಂದ ಸೂರ್ಯನೇ ಹುಟ್ಟದೆ ಹೋದ ಜಾನಪದ ಕಥೆ ಅದು. ಒಂದು ಹುಂಜದ ಮೇಲೆ ಇಡೀ ಕಥೆ ನಿಂತಿದೆ. ಅದಕ್ಕೂ ಮುಂಚೆ ಗಿರೀಶ ಕಾಸರವಳ್ಳಿಯವರು ಅದೇ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿ 1975ರಲ್ಲಿ ತಯಾರಿಸಿದ ‘ಅವಶೇಷ’ ರಾಷ್ಟ್ರಪ್ರಶಸ್ತಿ ಪಡೆದಿತ್ತು. ಮುಂದೆ ಅವರ ‘ತಾಯಿ ಸಾಹೇಬ’ (1997) ರಾಷ್ಟ್ರದ ಶ್ರೇಷ್ಠ ಚಿತ್ರವೆನಿಸಿದಾಗ, ಅದರ ವೇಷಭೂಷಣಕ್ಕಾಗಿ ವೈಶಾಲಿ ಕಾಸರವಳ್ಳಿಯವರಿಗೂ, ಕಲಾನಿರ್ದೇಶನಕ್ಕಾಗಿ ರಮೇಶ ದೇಸಾಯಿಯವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು. ಸ್ವಾತಂತ್ರ್ಯ ಹೋರಾಟದ ಕಾಲದ ಒಂದು ಮನೆತನದ ಸೀರೆ, ಪಾತ್ರೆ, ಪಡಸಾಲೆಗಳನ್ನು ನಂಬುವಂತೆ ತೋರಿಸಿದ್ದಕ್ಕೆ ಸಂದ ಗೌರವ ಅದು.

ಹುಡುಗಿಯರಲ್ಲಿ ಒಬ್ಬಳು ಒಂದು ನೋಟುಪುಸ್ತಕದಲ್ಲಿ ಸಾಮಾನುಗಳ ಯಾದಿಯನ್ನು ಬರೆದುಕೊಂಡಿದ್ದಳು. ಒಟ್ಟು ನಲವತ್ತೊಂದು ಹೆಸರುಗಳು. ಇಳಕಲ್ ಸೀರೆ, ಖಣದ ಕುಬಸ, ಧೋತರ, ರುಮಾಲು, ಕಂಬಳಿ, ಕೌದಿ, ಕಂದೀಲು, ಹಂಡೆ, ಗಂಗಾಳ, ನೆಲುವು, ಮೊರ, ಮಗುವಿನ ಆಟಿಗೆ ಇತ್ಯಾದಿ. ಮೂವತ್ತೆಂಟನೆಯ ಹೆಸರನ್ನು ಓದಿದಾಗ ನಾವು ಕ್ಷಣಹೊತ್ತು ಸುಮ್ಮನಾದೆವು. ‘ಬೆಳ್ಳಿಯ ಕರಡಿಗೆ - ಒಂದು’ ಎಂದು ಅಲ್ಲಿ ಬರೆದಿತ್ತು. ಅದರ ವಿಚಾರವನ್ನು ಮುಂದೆ ಹೇಳುತ್ತೇವೆ.

ಗೋಕಾಕದಲ್ಲಿ

ಗೋಕಾಕ ಎಂದೊಡನೆ ಪರಸ್ಥಳದವರಿಗೆ ನೆನಪಾಗುವುದು ಜಲಪಾತ ಮತ್ತು ಕರದಂಟು. ಊರಿನಿಂದ ಸುಮಾರು ಆರು ಕಿಲೋಮೀಟರು ದೂರದಲ್ಲಿ ಘಟಪ್ರಭೆಯು 52 ಮೀಟರು ಎತ್ತರದಿಂದ ಧುಮುಕುತ್ತಾಳೆ. ಮಾಘದಲ್ಲಿ ನೀರು ಕಡಿಮೆ. ಬಂಡೆಯ ಪದರುಗಳು ಎದ್ದು ಕಾಣುತ್ತವೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ದೇವಾಲಯ, ಸುಮಾರು 200 ಮೀಟರು ಉದ್ದದ ತೂಗುಸೇತುವೆ, ಆಚೆಗೆ 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿ. ಇದೇ ನೀರಿನ ಬಲದಿಂದ 1887ರಲ್ಲಿಯೇ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಿದರು. ನೂಲು ಮತ್ತು ವಿದ್ಯುತ್ತು ಎರಡನ್ನೂ ಅಷ್ಟು ಬೇಗ ಕಂಡ ಈ ಸೀಮೆಯಲ್ಲಿ, ಹಳ್ಳಿಗಳ ಮನೆಗಳು ಮಾತ್ರ ಮುಂದೆ ಬಹುಕಾಲ ಕಂದೀಲಿನ ಬೆಳಕಿನಲ್ಲಿಯೇ ಇದ್ದವು. ಆದ್ದರಿಂದ ‘ಆ ಕಾಲದಲ್ಲಿ ಕರೆಂಟು ಇತ್ತೇ, ಇರಲಿಲ್ಲವೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ‘ಯಾವ ಊರಿನಲ್ಲಿ, ಯಾವ ಮನೆಯಲ್ಲಿ?’ ಎಂದು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿದೆವು.

ಪೇಟೆಯಲ್ಲಿ ಮೊದಲು ಹುಡುಕಿದ್ದು ಆಟಿಗೆಯನ್ನು. ಗೋಕಾಕದ ಕಟ್ಟಿಗೆಯ ಗೊಂಬೆಗಳು ಹೆಸರಾದವು. ಹಗುರವಾದ ಕಟ್ಟಿಗೆಯಲ್ಲಿ ಇಲ್ಲಿಯ ಕಲಾವಿದರು ಮಾಡುವ ಮಾವು, ಬಾಳೆ, ಬದನೆಕಾಯಿಗಳನ್ನು ಬುಟ್ಟಿಯಲ್ಲಿಟ್ಟರೆ ನಿಜವೆಂದು ಕೈಚಾಚಬೇಕು, ಅಷ್ಟು ಸಹಜ. ಈಗ ಆ ಕಸುಬನ್ನು ಹಿಡಿದಿರುವ ಮನೆಗಳು ಕಡಿಮೆ. ಒಬ್ಬ ಹಿರಿಯ ಕಲಾವಿದರು ತಾವು ಮಾಡಿದ ಎತ್ತು, ಗಿಳಿ, ಹಣ್ಣುಗಳನ್ನು ಮುಂದೆ ಹರಡಿದರು. ಬಣ್ಣ ಹೊಳೆಯುತ್ತಿತ್ತು. ವಿದ್ಯಾರ್ಥಿಗಳು, “ಕಾಕಾ, ನಮಗ ಹಳೇದು ಬೇಕ್ರಿ, ಸ್ವಲ್ಪ ಹಳೇದರಂಗ ಮಾಡಿ ಕೊಡ್ರಿ” ಎಂದರು. ಅವರು ನಕ್ಕು, “ಹೊಸಾದು ಮಾಡಾಕ ನನಗ ಬರತೈತಿ. ಹಳೇದು ಆಗಬೇಕಂದ್ರ ಮನ್ಯಾಗ ಕೂಸು ಇರಬೇಕ್ರೆಪಾ” ಎಂದರು.

ಎಂಥ ಮಾತು! ಆಟಿಗೆ ಹಳತಾಗುವುದು ಬಣ್ಣ ಕೆರೆದುದರಿಂದಲ್ಲ. ಕೂಸು ಅದರ ಕಿವಿಯನ್ನು ಕಚ್ಚಿ, ಬಾಲವನ್ನು ಹಿಡಿದೆಳೆದು, ಅಂಗಳದಲ್ಲಿ ಮರೆತು ಮಳೆಗೆ ಬಿಟ್ಟಿದ್ದರಿಂದ. ಕೊನೆಗೆ ಅವರು ಒಳಗೆ ಹೋಗಿ, ತಮ್ಮ ಮನೆಯ ಮಕ್ಕಳೇ ಆಡಿ ಬಿಟ್ಟ, ಒಂದು ಕೋಡು ಮುರಿದ ಎತ್ತನ್ನು ತಂದು ಕೊಟ್ಟರು. ಬೆಲೆ ತೆಗೆದುಕೊಳ್ಳಲಿಲ್ಲ, “ತಿರುಗಿ ತಂದು ಕೊಡ್ರಿ, ಅಷ್ಟ ಸಾಕು” ಎಂದರು.

ಅರಿವೆಯ ಅಂಗಡಿಯಲ್ಲಿಯೂ ಇದೇ ಪಾಠ. ವಿದ್ಯಾರ್ಥಿಗಳು ಹೊಸ ಸೀರೆಯನ್ನು ಕೊಂಡು, ಚಹಾದ ನೀರಿನಲ್ಲಿ ಅದ್ದಿ, ಹಳತು ಮಾಡಬೇಕೆಂದಿದ್ದರು. ಅಂಗಡಿಯಲ್ಲಿ ಇಳಕಲ್ ಎಂದು ತೋರಿಸಿದ ಸೀರೆಗಳಲ್ಲಿ ಬಹಳಷ್ಟು ಕೃತಕ ನೂಲಿನವು. ನಮ್ಮ ಅಜ್ಜಿಯರು ಉಡುತ್ತಿದ್ದ ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸು ನೂಲನ್ನೂ ಸೆರಗಿನ ಹಾಸು ನೂಲನ್ನೂ ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ ನೇಯುವ ಕ್ರಮ ಆ ಊರಿನ ವಿಶೇಷ. 2007ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಿದೆ. ಒಡಲು ಹತ್ತಿಯದಾದ್ದರಿಂದ ಒಗೆದಷ್ಟೂ ಮೆತ್ತಗಾಗುತ್ತದೆ, ಮೈಗೆ ಹೊಂದಿಕೊಂಡು ಬೀಳುತ್ತದೆ. ಕೃತಕ ನೂಲು ಎಷ್ಟು ಒಗೆದರೂ ಸೆಟೆದೇ ನಿಲ್ಲುತ್ತದೆ. ಕ್ಯಾಮರಾದ ಕಣ್ಣು ಇದನ್ನು ಮರೆಮಾಚುವುದಿಲ್ಲ.

ನಾವು ಅವರಿಗೆ ಹೇಳಿದ್ದು ಇಷ್ಟು: ಸೀರೆ ಎಲ್ಲ ಕಡೆಯೂ ಒಂದೇ ಸಮನಾಗಿ ಹಳತಾಗುವುದಿಲ್ಲ. ಕೊಡ ಹೊತ್ತ ಸೊಂಟದ ಬಳಿ ಸವೆಯುತ್ತದೆ; ರೊಟ್ಟಿ ಬಡಿಯಲು ಕುಳಿತ ಮೊಣಕಾಲಿನ ಬಳಿ ತೆಳ್ಳಗಾಗುತ್ತದೆ; ಕೀಲಿಕೈ ಗಂಟು ಹಾಕಿದ ಸೆರಗಿನ ತುದಿ ಹಿಂಜುತ್ತದೆ. ಉಟ್ಟವಳು ಯಾವ ಕಾಯಕ ಮಾಡಿದಳೆಂಬುದನ್ನು ಸೀರೆಯೇ ಹೇಳುತ್ತದೆ. ಚಹಾದ ನೀರು ಬಣ್ಣ ಕೊಟ್ಟೀತು, ಈ ಚರಿತ್ರೆಯನ್ನು ಕೊಡಲಾರದು. ಸೀರೆಯನ್ನು ಅಂಗಡಿಯಲ್ಲಿ ಕೊಳ್ಳಬೇಡಿರಿ, ಮನೆಗಳಲ್ಲಿ ಬೇಡಿ ತನ್ನಿರಿ ಎಂದೆವು. ಮರುದಿನ ಒಬ್ಬ ಹುಡುಗಿ ತನ್ನ ಸೋದರತ್ತೆಯ ಮನೆಯಿಂದ ಎರಡು ಹಳೆಯ ಸೀರೆಗಳನ್ನು ಎರವಲು ತಂದಳು. ಒಂದರ ಮೊಣಕಾಲಿನ ಭಾಗದಲ್ಲಿ ಬೇರೆ ಬಣ್ಣದ ದಾರದಿಂದ ಹೊಲಿದ ತೇಪೆ ಇತ್ತು. ಎಲ್ಲರೂ ಅದನ್ನೇ ಆರಿಸಿದರು.

ಮೂಡಲಗಿಯ ಕಡೆಗೆ

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಕಬ್ಬು. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿ ಇತ್ತೀಚಿನ ವರ್ಷಗಳಲ್ಲಿ ಸ್ವತಂತ್ರ ತಾಲೂಕಾಗಿದೆ. ಶಿವಬೋಧರಂಗರ ಮಠದಿಂದ ಹೆಸರಾದ ಊರು ಇದು. ವೇಷಭೂಷಣದ ವಿಷಯಕ್ಕೆ ಬಂದರೆ ಈ ಭಾಗದ ಹಿರಿಮೆ ದೊಡ್ಡದು. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ ಶಿಖರಪ್ರಾಯವಾದ ಶ್ರೀಕೃಷ್ಣ ಪಾರಿಜಾತವನ್ನು ಅಪರಾಳ ತಮ್ಮಣ್ಣನು ರಚಿಸಿದನೆಂದೂ, ಕುಲಗೋಡ ತಮ್ಮಣ್ಣನು ಬೆಳೆಸಿ ರಂಗಕ್ಕೆ ಒಗ್ಗಿಸಿದನೆಂದೂ ವಿದ್ವಾಂಸರು ಹೇಳುತ್ತಾರೆ. ಹಳೆಯ ಗೋಕಾಕ ತಾಲೂಕಿನ ಕುಲಗೋಡವೂ, ಪಾರಿಜಾತದ ಮಹಾಕಲಾವಿದೆ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯವು. ಘಟಪ್ರಭೆಯ ಇನ್ನೊಂದು ಮಗ್ಗುಲಿನ ಕೊಣ್ಣೂರು ಹಳೆಯ ನಾಟಕ ಕಂಪನಿಯೊಂದಕ್ಕೆ ತನ್ನ ಹೆಸರು ಕೊಟ್ಟ ಊರು.

ಪಾರಿಜಾತದ ಮೇಳದಲ್ಲಿ ಬಹುಕಾಲ ದುಡಿದ ವೃದ್ಧ ಕಲಾವಿದರೊಬ್ಬರು ತಮ್ಮ ಟ್ರಂಕನ್ನು ತೆರೆದು ತೋರಿಸಿದರು. ರಟ್ಟಿನ ಕಿರೀಟ, ಬೇಗಡೆಯ ಭುಜಕೀರ್ತಿ, ಗಾಜಿನ ಮಣಿಗಳ ಹಾರ, ಕೊರವಂಜಿಯ ಬುಟ್ಟಿ, ಗೆಜ್ಜೆ. ಹಗಲಿನ ಬೆಳಕಿನಲ್ಲಿ ಕಿರೀಟ ಬಡವಾಗಿ ಕಂಡಿತು. ಅವರು ಹೇಳಿದರು: “ಇದು ಗ್ಯಾಸಬತ್ತಿ ಬೆಳಕಿಗೆ ಮಾಡಿದ್ದು ಐನಾರ. ದೂರ ಕುಂತಾವಗ ಕೃಷ್ಣ ಅಂತ ತಿಳೀಬೇಕು. ಹತ್ತರ ಬಂದ್ರ ರಟ್ಟು.” ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯದಲ್ಲಿ ದೊರೆತೀತು? ಆಟದ ವೇಷ ‘ನಾನು ಇಂಥವನು’ ಎಂದು ಸಾರಿ ಹೇಳುತ್ತದೆ. ಚಿತ್ರದ ಉಡುಪು ಏನನ್ನೂ ಸಾರುವಂತಿಲ್ಲ. ನೋಡುವವರು ಅದನ್ನು ಉಡುಪೆಂದೇ ಗಮನಿಸಬಾರದು. ಒಂದು ದೂರದಿಂದ ನೋಡತಕ್ಕದ್ದು, ಇನ್ನೊಂದು ಅಂಗೈ ದೂರದಿಂದ.

ಹುಡುಗರಲ್ಲಿ ಒಬ್ಬನು ಕಿರೀಟವನ್ನು ಎತ್ತಿ ತಲೆಗಿಟ್ಟುಕೊಂಡು ಗೆಳೆಯನಿಗೆ ಫೋಟೋ ತೆಗೆಯೆಂದನು. ವೃದ್ಧರು ಸಿಟ್ಟಾಗಲಿಲ್ಲ. “ತಮ್ಮಾ, ಮೊದಲ ಕಾಲಾಗಿನ ಚಪ್ಪಲಿ ಬಿಡು” ಎಂದಷ್ಟೇ ಅಂದರು. ಹುಡುಗನು ನಾಚಿ ಕಿರೀಟವನ್ನು ಕೆಳಗಿಟ್ಟನು. ಕಿರೀಟ ರಟ್ಟಿನದೇ ಇರಬಹುದು. ಆದರೆ ಅದನ್ನು ಪೂಜಿಸಿ ತಲೆಗಿಟ್ಟುಕೊಂಡವರು, ಅದರಿಂದ ಮಕ್ಕಳ ಹೊಟ್ಟೆ ಹೊರೆದವರು ಅವರು. ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಅಣ್ಣನವರ ವೇಷದಲ್ಲಿ ರಂಗಕ್ಕೆ ಬಂದರೆ ಪ್ರೇಕ್ಷಕರು ಕೈಮುಗಿಯುತ್ತಿದ್ದರೆಂದು ಹಿರಿಯರು ಈಗಲೂ ನೆನೆಯುತ್ತಾರೆ. ಜನ ಕೈಮುಗಿಯುವ ವೇಷವನ್ನು ತೊಟ್ಟವನಿಗೆ ಅದರ ಹೊಣೆಯೂ ಇರುತ್ತದೆ.

ಮೂಡಲಗಿಯ ಪೇಟೆಯಲ್ಲಿ ಹಳೆಯ ಪಾತ್ರೆಗಳನ್ನು ತೂಕಕ್ಕೆ ಕೊಂಡು ಮಾರುವ ಒಂದು ಅಂಗಡಿ ಸಿಕ್ಕಿತು. ಮೂಲೆಯಲ್ಲಿ ರಾಶಿಯಾಗಿ ಬಿದ್ದಿದ್ದವು: ಹಿತ್ತಾಳೆಯ ಕೊಡಗಳು, ತಾಮ್ರದ ಹಂಡೆಗಳು, ಕಂಚಿನ ಗಂಗಾಳಗಳು, ಮಿಳ್ಳಿಗಳು. ವಿದ್ಯಾರ್ಥಿಗಳಿಗೆ ಹಬ್ಬವೇ ಆಯಿತು. ಯಾದಿಯ ಏಳು ಸಾಮಾನುಗಳು ಒಂದೇ ಕಡೆ ದೊರೆತವು. ಗಂಗಾಳವೊಂದನ್ನು ತಿರುವಿ ನೋಡಿದಾಗ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳು ಕಂಡವು: ಒಬ್ಬ ಹೆಣ್ಣುಮಗಳ ಹೆಸರು, ಊರಿನ ಹೆಸರು. ಲಗ್ನದಲ್ಲಿ ಮುಯ್ಯಿ ಓದಿದ ಗಂಗಾಳ ಅದು. ತವರಿನವರು ಹೆಸರು ಹಾಕಿಸಿ ಕೊಟ್ಟಿರಬೇಕು. ಅವಳು ಅದರಲ್ಲಿ ಉಂಡಿರಬೇಕು, ಮಕ್ಕಳಿಗೆ ಉಣಿಸಿರಬೇಕು. ಈಗ ಅದು ಕಿಲೋದ ಲೆಕ್ಕದಲ್ಲಿ ತಕ್ಕಡಿಯ ಮೇಲೆ ಕುಳಿತಿತ್ತು.

ಹೆಸರನ್ನು ಚಿತ್ರದಲ್ಲಿ ತೋರಿಸಬೇಕೇ, ಮುಚ್ಚಬೇಕೇ ಎಂದು ವಿದ್ಯಾರ್ಥಿಗಳಲ್ಲಿ ವಾದವೆದ್ದಿತು. ಹೆಸರು ಕಂಡರೆ ಕಥೆಗೆ ಜೀವ ಬರುತ್ತದೆಯೆಂದು ಒಬ್ಬ. ಅದು ಬದುಕಿದ್ದ ಒಬ್ಬಾಕೆಯ ಹೆಸರು, ಅವರ ಮನೆಯವರನ್ನು ಕೇಳದೆ ತೋರಿಸುವುದು ಸರಿಯಲ್ಲವೆಂದು ಇನ್ನೊಬ್ಬಳು. ಅವಳ ಮಾತೇ ನಿಂತಿತು. ಗಂಗಾಳವನ್ನು ಕೊಂಡರು, ಹೆಸರಿದ್ದ ಅಂಚನ್ನು ಗೋಡೆಯ ಕಡೆಗೆ ತಿರುಗಿಸಿ ಇಡಬೇಕೆಂದು ನೋಟುಪುಸ್ತಕದಲ್ಲಿ ಬರೆದುಕೊಂಡರು. ಇಪ್ಪತ್ತರ ಪ್ರಾಯದ ಮಕ್ಕಳಲ್ಲಿ ಈ ವಿವೇಕವನ್ನು ಕಂಡು ನಮಗೆ ಸಂತೋಷವಾಯಿತು.

ಹುಕ್ಕೇರಿಯಲ್ಲಿ

ಹೂವಿನಕೇರಿಯೇ ಹುಕ್ಕೇರಿಯಾಯಿತೆಂದು ಜನ ಹೇಳುತ್ತಾರೆ. ವಿಜಾಪುರದ ಸುಲ್ತಾನರಿಗೆ ಇಲ್ಲಿಂದ ಗುಲಾಬಿ ಹೋಗುತ್ತಿತ್ತೆಂಬ ಐತಿಹ್ಯವಿದೆ. ಆದಿಲಶಾಹಿ ಕಾಲದ ಗುಮ್ಮಟಗಳು ಊರಿನಲ್ಲಿ ಇಂದಿಗೂ ನಿಂತಿವೆ. ಹಿರೇಮಠದ ಪರಂಪರೆಯೂ ನಡೆದುಬಂದಿದೆ. ಇದೇ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದವರು ಡಾ. ಚಂದ್ರಶೇಖರ ಕಂಬಾರರು. ಬಡತನದಿಂದ ಶಾಲೆ ಬಿಡುವ ಹೊತ್ತಿನಲ್ಲಿ ಅವರ ವಿದ್ಯಾಭ್ಯಾಸದ ಹೊಣೆಯನ್ನು ಹೊತ್ತವರು ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು. ಮುಂದೆ ಅವರಿಗೆ ಜ್ಞಾನಪೀಠ ಸಂದಿತು. ಅವರು ಚಿತ್ರ ನಿರ್ದೇಶಕರೂ ಹೌದೆಂಬುದನ್ನು ಇಂದಿನ ಕಿರಿಯರು ಮರೆತಿರಬಹುದು. ಅವರ ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು.

ಹುಕ್ಕೇರಿಯಿಂದ ಸಂಕೇಶ್ವರವನ್ನು ದಾಟಿ ಹೆದ್ದಾರಿ ಹಿಡಿದರೆ ಕೊಲ್ಹಾಪುರ ದೂರವಲ್ಲ. ಆ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಭಾನು ಅಥೈಯಾ ಎಂಬ ಹೆಣ್ಣುಮಗಳು 1983ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದಳು; ‘ಗಾಂಧಿ’ ಚಿತ್ರದ ವೇಷಭೂಷಣಕ್ಕಾಗಿ, ಸಹಕಲಾವಿದರೊಬ್ಬರೊಡನೆ ಹಂಚಿಕೊಂಡ ಪ್ರಶಸ್ತಿ ಅದು. ಜರತಾರಿ ಪೋಷಾಕುಗಳಿಗಲ್ಲ, ಬಹುಮಟ್ಟಿಗೆ ಖಾದಿಯ ಬಿಳಿ ಅರಿವೆಗೆ! ಸರಳವಾದುದನ್ನು ಸರಿಯಾಗಿ ತೋರಿಸುವುದೇ ಕಠಿಣ. ಗಾಂಧೀಜಿಯವರು 1915ರಲ್ಲಿ ಸ್ವದೇಶಕ್ಕೆ ಮರಳಿದಾಗ ಕಾಠೇವಾಡಿ ಮುಂಡಾಸದಲ್ಲಿದ್ದರು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡು ಪಂಚೆಗೆ ಇಳಿದರು. ಹಾಗಾದರೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ದೃಶ್ಯದಲ್ಲಿ ಅವರಿಗೆ ಮುಂಡಾಸ ಸುತ್ತಿದರೆ ಅದು ಸುಳ್ಳು. ಒಂದು ಅರಿವೆಯ ತುಂಡಿನಲ್ಲಿ ಒಂದು ದೇಶದ ಇತಿಹಾಸವಿದೆ.

ಇದನ್ನು ನಾವು ಹೇಳುತ್ತಿರುವಾಗ ವಿದ್ಯಾರ್ಥಿಯೊಬ್ಬನು ತಾನು ಬರೆದು ತಂದ ‘ಮುಳುಗಡೆ ನೋಟೀಸ’ನ್ನು ಹೊರಗೆ ತೆಗೆದನು. ಮೇಲೆ ‘ಕರ್ನಾಟಕ ಸರ್ಕಾರ, ಬೆಳಗಾವಿ ಜಿಲ್ಲೆ’ ಎಂದಿತ್ತು. ಕೆಳಗೆ 1972ರ ತಾರೀಖು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ಮೈಸೂರು ಸರ್ಕಾರ. ಜಿಲ್ಲೆಯ ಹೆಸರು ಸರ್ಕಾರಿ ಕಾಗದಗಳಲ್ಲಿ ಬೆಳಗಾವಿಯಾದದ್ದು 2014ರಲ್ಲಿ. ಅದಕ್ಕೆ ಮುಂಚೆ ಬೆಳಗಾಂ. ನೋಟೀಸನ್ನು ಅಲ್ಲಿಯೇ ಹರಿದು ಹೊಸದಾಗಿ ಬರೆದರು. ಇಂಥ ತಪ್ಪುಗಳನ್ನು ಯಾರು ನೋಡುತ್ತಾರೆಂದು ಕೇಳಬಹುದು. ಆ ನೋಟೀಸನ್ನು ಕೈಯಲ್ಲಿ ಹಿಡಿದು ಮನೆ ಬಿಟ್ಟವರು ನೋಡುತ್ತಾರೆ.

ಅಂಥವರನ್ನು ಕಾಣಲೆಂದೇ ನಾವು ಹುಕ್ಕೇರಿ ತಾಲೂಕಿಗೆ ಬಂದದ್ದು. ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುವ ಈ ಜಲಾಶಯಕ್ಕೆ ವಂಟಮುರಿಯ ದಾನವೀರ ರಾಜಾ ಲಖಮಗೌಡರ ಹೆಸರಿದೆ. ಈ ನೀರಿನಿಂದ ಕೆಳಗಿನ ಸೀಮೆ ಹಸಿರಾಗಿದೆ. ದಾರಿಯಲ್ಲಿ ಕಂಡ ಕಬ್ಬಿಗೆ ಇದೇ ಮೂಲ. ಆದರೆ ಆ ಹಸಿರಿಗಾಗಿ ಮೇಲಿನ ಊರುಗಳು ನೀರಿನೊಳಗೆ ಹೋದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದು ಕಾಣುತ್ತದೆ. ಜನ ಹೋಗಿ ದರ್ಶನ ಮಾಡಿ ಬರುತ್ತಾರೆ. ಗುಡಿ ಕಲ್ಲಿನದು, ಉಳಿಯಿತು. ಮಣ್ಣಿನ ಮನೆಗಳು ಉಳಿಯಲಿಲ್ಲ.

ಮುಳುಗಡೆಯವರು ಬಂದು ನೆಲೆಸಿದ ಊರೊಂದರಲ್ಲಿ ಎಂಬತ್ತು ದಾಟಿದ ಶರಣಮ್ಮನವರನ್ನು ಕಂಡೆವು, ಹೆಸರು ಬೇಡ. ಮೊದಲು ಆಕೆ ವಿದ್ಯಾರ್ಥಿಗಳನ್ನು ಒಳಗೆ ಕರೆಯಲು ಹಿಂಜರಿದರು. ಹಿಂದೆ ಯಾರೋ ಶೂಟಿಂಗಿನವರು ಪಕ್ಕದ ಮನೆಯ ತಾಮ್ರದ ಹಂಡೆಯನ್ನು ಎರವಲು ಒಯ್ದು ತಿರುಗಿ ಕೊಡಲಿಲ್ಲವಂತೆ. ನಮ್ಮನ್ನು ನೋಡಿ ಶರಣು ಮಾಡಿ ಕುಳ್ಳಿರಿಸಿದರು. ಆಗ ವಿದ್ಯಾರ್ಥಿನಿ ನೋಟುಪುಸ್ತಕದಲ್ಲಿ ಎರಡು ಗೆರೆ ಎಳೆದು, ತಂದ ಸಾಮಾನು ಯಾವುದು, ಯಾರದು, ಯಾವ ದಿನ ತಿರುಗಿ ಕೊಡುವುದು ಎಂದು ಅವರ ಮುಂದೆಯೇ ಮೂರು ಕಟ್ಟು ಮಾಡಿದಳು.

ಅಮ್ಮನವರು ಒಂದು ಕೌದಿಯನ್ನೂ ಕಂದೀಲನ್ನೂ ಕೊಟ್ಟರು. ಬಳಿಕ ವಿದ್ಯಾರ್ಥಿಗಳು ಮೂವತ್ತೆಂಟನೆಯ ಸಾಮಾನಿನ ಮಾತನ್ನು ತೆಗೆದರು. ನಾವು ದಾರಿಯಲ್ಲಿಯೇ ನಮ್ಮ ಅಭಿಪ್ರಾಯವನ್ನು ಹೇಳಿದ್ದೆವು. ಇಷ್ಟಲಿಂಗವು ಆಭರಣವಲ್ಲ, ಅಂಗದ ಭಾಗ. ಲಿಂಗವಿರುವ ಕರಡಿಗೆಯನ್ನು ಪರಿಕರವೆಂದು ಬಳಸತಕ್ಕದ್ದಲ್ಲ. ಯಾರ ಲಿಂಗವನ್ನೂ ಎರವಲು ತರುವಂತಿಲ್ಲ. ಅಕ್ಕಸಾಲಿಗನ ಅಂಗಡಿಯ ಬರಿಯ ಕರಡಿಗೆಯಾದರೆ ಅದು ಬೆಳ್ಳಿ ಮಾತ್ರ. ಇಷ್ಟು ಭೇದವನ್ನು ತಿಳಿದು ನಡೆಯಿರಿ ಎಂದಿದ್ದೆವು. ಅಮ್ಮನವರ ಬಳಿ ತಮ್ಮ ಯಜಮಾನರ ಕರಡಿಗೆ ಇತ್ತು. ಅವರು ಲಿಂಗೈಕ್ಯರಾದಾಗ ಲಿಂಗವು ಅವರೊಡನೆಯೇ ಸಮಾಧಿಗೆ ಹೋಯಿತು. ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿಯಿತು. ಜಗಲಿಯ ಮೇಲಿನ ಗೂಡಿನಿಂದ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಹುಡುಗಿಯ ಕೈಯಲ್ಲಿಟ್ಟು ಹೇಳಿದರು:

“ಒಯ್ಯವ್ವಾ. ಖರೆ ಅದನ್ನ ತೆರೀಬ್ಯಾಡ. ಒಳಗೇನೂ ಇಲ್ಲಂತ ಮಂದಿಗೆ ತೋರಸಬ್ಯಾಡ.”

ಯಾರೂ ಮಾತಾಡಲಿಲ್ಲ. ವಿದ್ಯಾರ್ಥಿಗಳು ಬರೆದ ಕಥೆಯಲ್ಲಿ ಅಜ್ಜಿ ಕರಡಿಗೆಯನ್ನು ತೆರೆದು ನೋಡುವ ದೃಶ್ಯವಿತ್ತು. ಆ ಹುಡುಗಿ ಕರಡಿಗೆಯನ್ನು ಎರಡೂ ಕೈಗಳಿಂದ ಹಿಡಿದು, ಸ್ವಲ್ಪ ಹೊತ್ತು ನಿಂತು, ಅವರ ಕೈಗೇ ತಿರುಗಿ ಕೊಟ್ಟಳು. “ಇದು ಇಲ್ಲೇ ಇರ್ಲಿ ಅಮ್ಮಾ” ಎಂದಳು. ಆ ದೃಶ್ಯವನ್ನು ಬದಲಿಸಿದರು. ಈಗ ಚಿತ್ರದ ಅಜ್ಜಿಯ ಕೊರಳಲ್ಲಿ ಶಿವದಾರದ ಎಳೆಯೊಂದು ಕಾಣುತ್ತದೆ, ಅಷ್ಟೇ. ನೋಡುವವರಿಗೆ ಅದು ಸಾಕು.

ಹೊರಡುವ ಮುಂಚೆ ಒಬ್ಬ ಹುಡುಗನು, “ಅಮ್ಮಾ, ಆವತ್ತ ನೀವು ಏನೇನು ತಂದ್ರಿ?” ಎಂದು ಕೇಳಿದನು. ಆಕೆ ಬಾಗಿಲ ಬಳಿಯ ಒಂದು ದುಂಡು ಕಲ್ಲನ್ನು ತೋರಿಸಿದರು. ನಡುವೆ ತೂತು, ಅಂಚಿನಲ್ಲಿ ಗೂಟದ ಕುಳಿ. “ಬೀಸುಕಲ್ಲಿನ ಮ್ಯಾಲಿನ ಕಲ್ಲು ತಂದ್ವಿ. ತೆಳಗಿನ ಕಲ್ಲು ನೆಲದಾಗ ಹುಗದಿದ್ದರು, ಕಿತ್ತಾಕ ಬರಲಿಲ್ಲ. ಅದು ಅಲ್ಲೇ ನೀರಾಗೈತಿ.” ಒಂಟಿ ಕಲ್ಲಿನಿಂದ ಏನೂ ಬೀಸಲು ಬರುವುದಿಲ್ಲ. ಬಾಗಿಲು ಗಾಳಿಗೆ ಬಡಿಯದಂತೆ ಅದನ್ನು ಆನಿಸಿಟ್ಟಿದ್ದರು. ಸುಮಾರು ಐವತ್ತು ವರ್ಷಗಳಿಂದ ಅದು ಅಲ್ಲಿದೆ.

ನಲವತ್ತೊಂದು ಹೆಸರುಗಳ ಯಾದಿಯಲ್ಲಿ ಬೀಸುಕಲ್ಲು ಇರಲೇ ಇಲ್ಲ. ಆ ಸಂಜೆ ವಿದ್ಯಾರ್ಥಿಗಳು ಹದಿನೇಳು ಹೆಸರುಗಳನ್ನು ಹೊಡೆದುಹಾಕಿ, ಈ ಒಂದನ್ನು ಬರೆದರು. ಚಿತ್ರೀಕರಣವನ್ನು ನಾಲ್ಕು ದಿನಗಳಲ್ಲಿ ಮುಗಿಸಿ, ಕೋಡು ಮುರಿದ ಎತ್ತಿನಿಂದ ಮೊದಲು ಮಾಡಿ ಕಂದೀಲಿನವರೆಗೆ ಎಲ್ಲ ಎರವಲು ಸಾಮಾನುಗಳನ್ನೂ ತಾವೇ ಮನೆಮನೆಗೆ ಮುಟ್ಟಿಸಿದರೆಂಬುದನ್ನು ಇಲ್ಲಿ ದಾಖಲಿಸಲು ನಮಗೆ ಹೆಮ್ಮೆಯೆನಿಸುತ್ತದೆ. ಹೆಸರು ಕೊರೆದ ಗಂಗಾಳವನ್ನು ಮಾತ್ರ ಯಾರಿಗೆ ಕೊಡಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದಾರೆ. ಅದರ ಮೇಲಿನ ಊರಿಗೆ ಹೋಗಿ ಆ ಮನೆತನವನ್ನು ವಿಚಾರಿಸುವುದಾಗಿ ಹೇಳಿದ್ದಾರೆ.

ಸದ್ಭಕ್ತ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಚಿತ್ರ ಮಾಡುವ ಮಕ್ಕಳು ಎಲ್ಲರ ಮನೆಗೂ ಬರಲಿಕ್ಕಿಲ್ಲ. ಹಳೆಯ ಪಾತ್ರೆ ಕೊಳ್ಳುವವನು ಮಾತ್ರ ಎಲ್ಲರ ಓಣಿಗೂ ಬರುತ್ತಾನೆ. ಎಲ್ಲವನ್ನೂ ಕೂಡಿಡಿರಿ ಎಂದು ನಾವು ಹೇಳುವುದಿಲ್ಲ. ಸಂಗ್ರಹದ ಮೋಹ ಶರಣಧರ್ಮವೂ ಅಲ್ಲ, ಇಂದಿನ ಚಿಕ್ಕ ಮನೆಗಳಲ್ಲಿ ಅದಕ್ಕೆ ಸ್ಥಳವೂ ಇಲ್ಲ. ಆದರೆ ಕೊಡುವ ಮುಂಚೆ ಒಂದು ಸಂಜೆ ಮನೆಯ ಹಿರಿಯರನ್ನು ನಡುವೆ ಕುಳ್ಳಿರಿಸಿ, ಈ ತಂಬಿಗೆ ಯಾರು ತಂದದ್ದು, ಈ ಸೀರೆ ಯಾವ ಲಗ್ನದ್ದು, ಈ ಕೌದಿಯಲ್ಲಿ ಯಾರ ಯಾರ ಅಂಗಿಯ ತುಂಡುಗಳಿವೆ ಎಂದು ಮಕ್ಕಳು ಕೇಳಿ ಬರೆದುಕೊಳ್ಳಲಿ. ಒಂದು ಹಾಳೆ ಸಾಕು. ಒಂದು ಸೀರೆ, ಒಂದು ಪಾತ್ರೆಯನ್ನು ಆ ಹಾಳೆಯೊಡನೆ ಉಳಿಸಿಕೊಳ್ಳಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಅವರು ಹೋದ ಮೇಲೆ ಉಳಿಯುವುದು ಹಿತ್ತಾಳೆಯ ತೂಕ ಮಾತ್ರ.